ಮೂತ್ರಪಿಂಡದ ಗಡ್ಡೆ ಮಹಾಸಿರೆಯೊಳಗೆ ಬೆಳೆದಿದೆ, ತೆಗೆಯಬಹುದೇ?

ಪ್ರಶ್ನೆ (ಹಾವೇರಿ ಜಿಲ್ಲೆಯಿಂದ):
ನಮ್ಮ ತಂದೆ ಬ್ಯಾಡಗಿ ಕಡೆಯ ರೈತರು, ವಯಸ್ಸು 61. ಮೂತ್ರದಲ್ಲಿ ರಕ್ತ ಕಂಡಾಗ ಉಷ್ಣವಾಗಿದೆ ಎಂದುಕೊಂಡು ಮಜ್ಜಿಗೆ ಕುಡಿಯುತ್ತಿದ್ದರು. ಈಗ ಎರಡೂ ಕಾಲು ಬಾತಿವೆ. ಚಪ್ಪಲಿಯ ಪಟ್ಟಿ ಒತ್ತಿದ ಗುರುತು ಮಲಗುವ ಹೊತ್ತಿಗೂ ಅಳಿಯುವುದಿಲ್ಲ. ಬಲ ಮೂತ್ರಪಿಂಡದ ಗಡ್ಡೆ ಐವಿಸಿಯೊಳಗೆ (ಕೆಳಮೈಯಿಂದ ಹೃದಯಕ್ಕೆ ರಕ್ತ ಒಯ್ಯುವ ಮಹಾಸಿರೆ) ಬೆಳೆದು ಯಕೃತ್ತಿನ ಹಿಂಭಾಗದವರೆಗೆ ಏರಿದೆ ಎಂದು ಸ್ಕ್ಯಾನ್ ವರದಿ ಹೇಳುತ್ತದೆ. ಶ್ವಾಸಕೋಶ ಸ್ವಚ್ಛವಾಗಿದೆ. ಒಬ್ಬ ವೈದ್ಯರು "ರಕ್ತನಾಳಕ್ಕೆ ಹೋದ ಮೇಲೆ ಕೈ ಹಾಕುವುದು ಬೇಡ" ಎಂದರು. ಹುಬ್ಬಳ್ಳಿಯಲ್ಲಿ ಇನ್ನೊಬ್ಬರು "ತೆಗೆಯಬಹುದು, ದೊಡ್ಡ ತಂಡ ಬೇಕು" ಎಂದರು. ಯಾರ ಮಾತು ಕೇಳಲಿ?

ಉತ್ತರ (ನಿವೃತ್ತ ಶುಶ್ರೂಷಕಿ, ಧಾರವಾಡ):
ತಮ್ಮಾ, ಎರಡನೆಯವರ ಮಾತು ಹಿಡಿದು ಹೊರಡು, ತಡಮಾಡಬೇಡ. ಆಪರೇಷನ್ ಥಿಯೇಟರಿನಲ್ಲಿ ವರ್ಷಗಟ್ಟಲೆ ನಿಂತವಳಾಗಿ ಹೇಳುತ್ತಿದ್ದೇನೆ. ಸಿರೆಯ ದಾರಿ ಹಿಡಿದು ಮೇಲೇರುವುದು ಮೂತ್ರಪಿಂಡದ ಕ್ಯಾನ್ಸರಿನ ಸ್ವಭಾವ. ಏರಿದ ಮಾತ್ರಕ್ಕೆ ಮೈತುಂಬ ಹರಡಿದೆ ಎಂದಲ್ಲ. ಎಷ್ಟೋ ಸಲ ಅದು ನಾಳದ ಗೋಡೆಗೆ ಅಂಟದೆ, ಬೆರಳಿನಂತೆ ಒಳಗೆ ಚಾಚಿಕೊಂಡಿರುತ್ತದೆ.

ಶಸ್ತ್ರಚಿಕಿತ್ಸೆಯಲ್ಲಿ ಮೊದಲು ಯಕೃತ್ತನ್ನು ಅದರ ಕಟ್ಟುಗಳಿಂದ ಬಿಡಿಸಿ ಪಕ್ಕಕ್ಕೆ ಹೊರಳಿಸುತ್ತಾರೆ. ಗಡ್ಡೆಗಿಂತ ಮೇಲೆ ಮತ್ತು ಕೆಳಗೆ ಮಹಾಸಿರೆಗೆ, ಜೊತೆಗೆ ಎಡ ಮೂತ್ರಪಿಂಡದ ಸಿರೆಗೆ ಕ್ಲ್ಯಾಂಪ್ (ರಕ್ತ ತಡೆಯುವ ಇಕ್ಕಳ) ಬೀಳುತ್ತದೆ. ಆ ಕ್ಷಣ ಹೃದಯಕ್ಕೆ ಬರುವ ರಕ್ತ ಒಮ್ಮೆಲೇ ತಗ್ಗುತ್ತದೆ. ರಕ್ತದೊತ್ತಡ ಬೀಳುತ್ತದೆ, ಅರಿವಳಿಕೆ ವೈದ್ಯರ ಕಣ್ಣು ಮಾನಿಟರಿನಿಂದ ಕದಲುವುದಿಲ್ಲ. ಸಿರೆಯನ್ನು ಸೀಳಿ, ಗಡ್ಡೆಯನ್ನು ಮೂತ್ರಪಿಂಡದ ಸಮೇತ ಹೊರತೆಗೆದು, ಕೂದಲಿನಷ್ಟು ತೆಳುವಾದ ದಾರದಿಂದ ಹೊಲಿಯುತ್ತಾರೆ. ಗೋಡೆಗೆ ಅಂಟಿದ್ದರೆ ಆ ಭಾಗವನ್ನೂ ಕತ್ತರಿಸಿ ತೇಪೆ ಅಥವಾ ಕೃತಕ ನಾಳ ಹಾಕುತ್ತಾರೆ. ಹೃದಯದ ಬಲ ಹೃತ್ಕರ್ಣದವರೆಗೆ ಏರಿದ್ದರೆ ಸಾಮಾನ್ಯವಾಗಿ ಹಾರ್ಟ್-ಲಂಗ್ ಯಂತ್ರ (ಹೃದಯ, ಶ್ವಾಸಕೋಶಗಳ ಕೆಲಸವನ್ನು ತಾತ್ಕಾಲಿಕವಾಗಿ ಮಾಡುವ ಯಂತ್ರ) ಬೇಕು. ಆದ್ದರಿಂದ ಮೂತ್ರರೋಗ, ಯಕೃತ್ತು, ರಕ್ತನಾಳ, ಹೃದಯ ಎಲ್ಲ ಶಸ್ತ್ರವೈದ್ಯರೂ ಒಂದೇ ಸೂರಿನಡಿ ಇರುವ ಆಸ್ಪತ್ರೆಯನ್ನೇ ನೋಡು. ಇಂತಹ ಎಷ್ಟು ಶಸ್ತ್ರಚಿಕಿತ್ಸೆ ಮಾಡಿದ್ದೀರಿ ಎಂದು ಸಂಕೋಚವಿಲ್ಲದೆ ಕೇಳು.

ಅಪಾಯ ಸಣ್ಣದಲ್ಲ: ರಕ್ತಸ್ರಾವ ಹೆಚ್ಚು, ತುಣುಕು ಕಳಚಿ ಶ್ವಾಸಕೋಶ ಸೇರಿದರೆ ಜೀವಕ್ಕೇ ಕುತ್ತು. ಬಾತ ಕಾಲಿಗೆ ಎಣ್ಣೆ ಹಚ್ಚಿ ತಿಕ್ಕಬೇಡಿ. ಆದರೂ ಬೇರೆಡೆ ಹರಡದವರಲ್ಲಿ ಸುಮಾರು ಅರ್ಧದಷ್ಟು ಜನ ಐದು ವರ್ಷ ದಾಟುತ್ತಾರೆ.

ಉತ್ತರ (ಗದಗ):
ನಮ್ಮ ಚಿಕ್ಕಮ್ಮನದು ಮೇದೋಜ್ಜೀರಕದ ಗಡ್ಡೆ. ಕರುಳಿಗೆ ರಕ್ತ ಒಯ್ಯುವ ಧಮನಿಯನ್ನು ಅರ್ಧಕ್ಕಿಂತ ಹೆಚ್ಚು ಸುತ್ತಿತ್ತು. ಅವರಿಗೆ ಮೊದಲು ಕಿಮೊಥೆರಪಿ ಕೊಟ್ಟರು, ಶಸ್ತ್ರಚಿಕಿತ್ಸೆಯ ಮಾತು ಆಮೇಲೆ. ಅಕ್ಕ ಹೇಳಿದ್ದನ್ನು ಎಲ್ಲ ಗಡ್ಡೆಗಳಿಗೂ ಅನ್ವಯಿಸಬೇಡಿ.

ಉತ್ತರ (ನಿವೃತ್ತ ಶುಶ್ರೂಷಕಿ):
ನಿಜ. ಧಮನಿಯ ಕಥೆಯೇ ಬೇರೆ.

ಪ್ರಶ್ನೆ ಕೇಳಿದವರು:
ಅಕ್ಕಾ, ಮೊದಲು ಏನು ಮಾಡಲಿ? ನಮ್ಮದು ಬಿಪಿಎಲ್ ಕಾರ್ಡು.

ಉತ್ತರ (ನಿವೃತ್ತ ಶುಶ್ರೂಷಕಿ):
ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಇದೆ. ಈ ಶಸ್ತ್ರಚಿಕಿತ್ಸೆಗೆ ಎಷ್ಟು ಸಿಗುತ್ತದೆ ಎಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು (ಈ ಯೋಜನೆಗೆ ನೆರವಾಗುವ ಸಿಬ್ಬಂದಿ) ಕೇಳು. ಬರೀ ವರದಿಯಲ್ಲ, ಸ್ಕ್ಯಾನಿನ ಸಿಡಿಯನ್ನೂ ಒಯ್ಯಿ. ಎಡ ಮೂತ್ರಪಿಂಡ ಒಂಟಿಯಾಗಿ ದುಡಿಯಬೇಕು, ಅದು ಹೇಗೆ ಕೆಲಸ ಮಾಡುತ್ತಿದೆ ಎಂದು ತೋರುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸು. ರಕ್ತ ಕೊಡುವ ಹುಡುಗರನ್ನು ಈಗಲೇ ಊರಿನಲ್ಲಿ ಗೊತ್ತುಮಾಡಿಕೋ. ತಂದೆಗೆ ಉಸಿರು ಕಟ್ಟಿದರೆ ಅಥವಾ ಎದೆ ನೋವು ಬಂದರೆ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆಮಾಡು.