ಸಿಗರೇಟ್ ಪ್ಯಾಕ್ ಥರದ ಮುಚ್ಚಳದ ಬಾಕ್ಸ್: ಮುಚ್ಚಿದ್ರೂ ಬಾಯಿ ಬಿಟ್ಕೊಂಡೇ ಇರುತ್ತೆ, ಏನ್ ತಪ್ಪು ಮಾಡ್ತಿದೀನಿ?

ಕಾಟನ್‌ಪೇಟೆ_ಪ್ರೆಸ್:
ಎಲ್ರಿಗೂ ನಮಸ್ಕಾರ. ನಮ್ದು ಅಪ್ಪನ ಕಾಲದ ಸಣ್ಣ ಪ್ರೆಸ್ಸು, ಒಂದು ಆಫ್‌ಸೆಟ್ ಮಷಿನ್ನು, ಒಂದು ಪಂಚಿಂಗ್ ಮಷಿನ್ನು ಇದೆ, ಸ್ವೀಟ್ ಬಾಕ್ಸು ಔಷಧಿ ಡಬ್ಬಿ ಇಂಥವೇ ಜಾಸ್ತಿ ಮಾಡೋದು. ಮೈಸೂರಿಂದ ಒಬ್ರು ಧೂಪದ ಕಡ್ಡಿ ಮಾಡೋರು ಬಂದು, ಸಿಗರೇಟ್ ಪ್ಯಾಕ್ ಥರ ಹಿಂದಕ್ಕೆ ತೆಗೆಯೋ ಮುಚ್ಚಳದ ಬಾಕ್ಸೇ ಬೇಕು, ಒಂದರಲ್ಲಿ 20 ಕಡ್ಡಿ ಹಿಡಿಬೇಕು, ಬ್ಯಾಗಲ್ಲಿ ಇಟ್ಕೊಂಡು ಹೋದ್ರೂ ಮುಚ್ಚಳ ತಾನಾಗೇ ತೆರ್ಕೋಬಾರದು ಅಂದ್ರು. ಏನ್ ಮಹಾ ಅಂತ ಒಪ್ಕೊಂಡೆ. ಒಂದು ಖಾಲಿ ಪ್ಯಾಕ್ ತಂದು ಅಂಟು ಬಿಡಿಸಿ ಟೇಬಲ್ ಮೇಲೆ ಹರಡಿ, ಸ್ಕೇಲ್ ಇಟ್ಟು ಗೆರೆ ಎಲ್ಲಾ ಅಳೆದು ಡೈ (ಬೋರ್ಡು ಕತ್ತರಿಸಿ ಮಡಿಕೆ ಗೆರೆ ಒತ್ತೋ ಸಾಧನ) ಮಾಡಿಸ್ದೆ. 300 ಜಿಎಸ್ಎಂ (ಚದರ ಮೀಟರಿಗೆ 300 ಗ್ರಾಂ) ಗ್ರೇಬ್ಯಾಕ್ ಬೋರ್ಡು, ಮೇಲೆ ಗ್ಲಾಸಿ ಲ್ಯಾಮಿನೇಷನ್ನು. ಪೇಸ್ಟಿಂಗ್ ನಮ್ಮಲ್ಲಿ ಇಬ್ರು ಹೆಂಗಸ್ರು ಕೈಯಲ್ಲೇ ಮಾಡ್ತಾರೆ, ಇಪ್ಪತ್ತು ವರ್ಷದ ಕೈ ಅವರದ್ದು, ಅದರಲ್ಲಿ ತಪ್ಪಿಲ್ಲ.

ಆದ್ರೆ ಬಾಕ್ಸ್ ಮುಚ್ಚಿದ್ರೆ ಮುಚ್ಚಳ ಮೆಲ್ಲಗೆ ಎದ್ದು ಬರುತ್ತೆ, ಬಾತುಕೋಳಿ ಬಾಯಿ ಬಿಟ್ಟ ಹಾಗೆ. ಹತ್ತು ಸಲ ತೆಗೆದು ಹಾಕಿದ್ರೆ ಹಿಂದಿನ ಗೆರೆ ಹತ್ರ ಒಳಗಡೆ ಬೋರ್ಡು ಪದರ ಪದರವಾಗಿ ಸೀಳಿ ನಾರು ಎದ್ದುಬಿಡುತ್ತೆ. ಮುಂದೆ ಮುಚ್ಚಳಕ್ಕೂ ಡಬ್ಬಿಗೂ ಮಧ್ಯೆ ಒಂದು ಮಿಲಿಮೀಟರ್ ಸಂದು ಬೇರೆ. ಕಸ್ಟಮರ್ ಡಿಸೈನಲ್ಲಿ ಒಂದು ದೀಪದ ಚಿತ್ರ ಇದೆ, ಜ್ವಾಲೆ ಮುಚ್ಚಳದ ಮೇಲೆ ಬರುತ್ತೆ, ಹಣತೆ ಕೆಳಗೆ ಬರುತ್ತೆ, ಎರಡೂ ಕೂಡಲ್ಲ. 500 ಪೀಸ್ ಪಂಚ್ ಆಗಿದೆ, ಅಷ್ಟೂ ವೇಸ್ಟು. ಒಳಗಡೆ ಒಂದು ಸಣ್ಣ ರಟ್ಟಿನ ತುಂಡು ಇತ್ತು, ಸಿಗರೇಟ್ ಬಾಗದೇ ಇರ್ಲಿ ಅಂತ ಸಪೋರ್ಟ್ ಕೊಟ್ಟಿರ್ತಾರೆ ಅಂತ ಅದನ್ನ ಬಿಟ್ಟಿದೀನಿ. ಯಾರಾದ್ರೂ ಈ ಕೆಲಸ ಮಾಡಿರೋರು ಇದ್ರೆ ದಯವಿಟ್ಟು ಹೇಳಿ.

ಹಳೇ_ಫಿಟ್ಟರ್:
ನೋಡಪ್ಪ, ನೀನು ಬಿಟ್ಟಿರೋ ಆ ತುಂಡೇ ಈ ಪ್ಯಾಕಿನ ಜೀವ. ನಾನು 26 ವರ್ಷ ಸಿಗರೇಟ್ ಫ್ಯಾಕ್ಟರಿ ಪ್ಯಾಕಿಂಗ್ ಸೆಕ್ಷನ್ನಲ್ಲಿ ಫಿಟ್ಟರ್ ಆಗಿದ್ದೋನು, ಯಾವ ಊರು ಯಾವ ಕಂಪನಿ ಅಂತ ಬೇಡ ಬಿಡು. ನಾವು ಅದಕ್ಕೆ ಇನ್ನರ್ ಫ್ರೇಮ್ ಅಂತಿದ್ವಿ. ಮುಂದೆ ಒಂದು ಅಗಲದ ಗೋಡೆ, ಎರಡು ಕಡೆ ಎರಡು ರೆಕ್ಕೆ. ಡಬ್ಬಿಯ ಮುಂದಿನ ಗೋಡೆಗೆ ಒಳಗಿಂದ ಅಂಟಿರುತ್ತೆ, ಮೇಲಕ್ಕೆ ಸ್ವಲ್ಪ ಎದ್ದು ನಿಂತಿರುತ್ತೆ, ಬೆರಳು ಹಾಕೋಕೆ ನಡುವೆ ಒಂದು ತಗ್ಗು ಕತ್ತರಿಸಿರ್ತಾರೆ. ಈಗ ಯೋಚನೆ ಮಾಡು, ರೆಕ್ಕೆನ ಮಡಚಿರೋದ್ರಿಂದ ಅದು ಯಾವಾಗ್ಲೂ ಬಿಚ್ಕೊಳೋಕೆ, ಅಂದ್ರೆ ಹೊರಕ್ಕೆ ಒತ್ತೋಕೆ ನೋಡ್ತಿರುತ್ತೆ. ಮುಚ್ಚಳ ಕೆಳಗೆ ಬಂದಾಗ ಅದರ ಪಕ್ಕದ ಗೋಡೆಗಳು ಈ ರೆಕ್ಕೆಗಳನ್ನ ಉಜ್ಜಿಕೊಂಡು ಬಂದು ಕೂರುತ್ತೆ. ಆ ಉಜ್ಜಾಟವೇ ಮುಚ್ಚಳನ ಹಿಡ್ಕೊಂಡಿರೋದು. ಬೇರೆ ಲಾಕ್ ಅಂತ ಏನೂ ಇಲ್ಲ ಅದರಲ್ಲಿ. ಫ್ರೇಮ್ ಇಲ್ದೆ ನಿನ್ನ ಮುಚ್ಚಳಕ್ಕೆ ಹಿಡ್ಕೊಳೋಕೆ ಏನಿದೆ, ಗಾಳಿ.

ಎರಡನೇದು, ನಿಮ್ಮ ಪೇಸ್ಟಿಂಗ್ ಅಮ್ಮಂದಿರನ್ನ ಒಂದು ಮಾತು ಕೇಳು, ಅಂಟು ಹಚ್ಚೋಕೆ ಮುಂಚೆ ಎಲ್ಲಾ ಗೆರೆನೂ ಒಂದ್ಸಲ ಮಡಚಿ ಬಿಡಿಸ್ತಾರಾ ಅಂತ. ಮಡಚೇ ಮಡಚ್ತಾರೆ, ಬೇರೆ ಡಬ್ಬಿಗೆ ಹಾಗೇ ಮಾಡ್ಬೇಕು, ಅಭ್ಯಾಸ. ಆದ್ರೆ ಹಿಂದಿನ ಹಿಂಜ್ ಗೆರೆ, ಅಂದ್ರೆ ಮುಚ್ಚಳ ಹಿಂದಕ್ಕೆ ಬಾಗೋ ಗೆರೆ, ಮುಟ್ಟಬಾರದು! ಡಬ್ಬಿ ಮುಚ್ಚಿದಾಗ ಬೇರೆ ಗೆರೆ ಎಲ್ಲಾ ಮಡಚಿರುತ್ತೆ, ಹಿಂಜ್ ಗೆರೆ ಒಂದೇ ಚಪ್ಪಟೆಯಾಗಿ ಇರುತ್ತೆ. ಬೋರ್ಡಿಗೆ ಚಪ್ಪಟೆ ಇರೋದೇ ಇಷ್ಟ, ಅದಕ್ಕೇ ಮುಚ್ಚಳ ತಾನಾಗೇ ಮುಚ್ಕೊಂಡಿರುತ್ತೆ. ಮಷಿನ್ನಲ್ಲಿ ಆ ಗೆರೆ ಮಡಚೋದೇ ಇಲ್ಲ, ಮೊದಲು ಮಡಚೋದು ಪ್ಯಾಕ್ ತೆಗೆಯೋ ಗಿರಾಕಿ. ನಿಮ್ಮಲ್ಲಿ ಅಂಟು ಹಚ್ಚೋಕೆ ಮುಂಚೇನೇ ಅದು ಹಿಂದಕ್ಕೆ ಬಾಗಿರುತ್ತೆ.

ಮೂರನೇದು ಇನ್ನೂ ಮುಖ್ಯ. ಸಿಗರೇಟ್ ಪ್ಯಾಕನ್ನ ಖಾಲಿ ಡಬ್ಬಿ ಮಾಡಿ ಆಮೇಲೆ ತುಂಬಲ್ಲ. 7, 6, 7 ಅಂತ ಮೂರು ಸಾಲಲ್ಲಿ 20 ಸಿಗರೇಟ್ ಕಟ್ಟು ಬರುತ್ತೆ, ನಡುಸಾಲಿನ ಆರು ಮೇಲೆ ಕೆಳಗಿನ ಸಾಲಿನ ಸಂದಿಯಲ್ಲಿ ಕೂರುತ್ತೆ, ಅದಕ್ಕೇ ಪ್ಯಾಕು ಅಷ್ಟು ತೆಳ್ಳಗೆ, ಸುಮಾರು 22 ಮಿಲಿಮೀಟರ್ ದಪ್ಪ, 55 ಅಗಲ. ಆ ಕಟ್ಟಿಗೆ ಮೊದಲು ಫಾಯಿಲ್ ಸುತ್ತುತ್ತೆ, ಅದರ ಮೇಲೆ ಫ್ರೇಮ್ ಬಂದು ಕೂರುತ್ತೆ, ಫ್ರೇಮ್ ಬೋರ್ಡು ರೀಲಲ್ಲಿ ಬಂದು ಮಷಿನ್ನಲ್ಲೇ ಕಟ್ ಆಗುತ್ತೆ, ಆಮೇಲೆ ಹೊರಗಿನ ಬ್ಲ್ಯಾಂಕ್ (ಕತ್ತರಿಸಿಟ್ಟ ಚಪ್ಪಟೆ ಬೋರ್ಡು) ಸುತ್ತ ಮಡಚ್ಕೊಳುತ್ತೆ. ಅಂದ್ರೆ ಒಳಗಿರೋ ಮಾಲೇ ಅಚ್ಚು. ಅಂಟು ಹಾಕಿದ ಮೇಲೂ ಪ್ಯಾಕನ್ನ ಒಂದು ದೊಡ್ಡ ಡ್ರಮ್ಮಿನ ಗೂಡುಗಳಲ್ಲಿ ನಾಲ್ಕೂ ಕಡೆಯಿಂದ ಹಿಡ್ಕೊಂಡು ಸುತ್ತಿಸ್ತಾ ಒಣಗಿಸ್ತಾರೆ, ಇಲ್ಲಾಂದ್ರೆ ಓರೆ ಆಗುತ್ತೆ. ನಾನು ನೋಡ್ಕೊತಿದ್ದ ಮಷಿನ್ ನಿಮಿಷಕ್ಕೆ 400 ಪ್ಯಾಕ್ ಮಾಡ್ತಿತ್ತು, ಆ ಓಟದಲ್ಲೂ ಈ ಒಣಗೋ ಹೊತ್ತು ಅಂತ ಬಿಟ್ಟೇ ಬಿಡ್ತಿದ್ರು. ನೀನು ಕೈಯಲ್ಲಿ ಮಾಡೋನು, ಒಳ ಅಳತೆಗೆ ಸರಿಯಾಗಿ ತೇಗದ ಮರದ್ದು ಒಂದು ಡಜನ್ ಅಚ್ಚು ಮಾಡಿಸ್ಕೋ, ಫ್ರೇಮ್ ಅಚ್ಚಿನ ಮೇಲೆ ಇಟ್ಟು ಅದರ ಸುತ್ತ ಬಾಕ್ಸ್ ಕಟ್ಟಿ, ರಬ್ಬರ್ ಬ್ಯಾಂಡ್ ಹಾಕಿ ಹದಿನೈದು ನಿಮಿಷ ಬಿಡು.

ಡೈ_ರೂಲ್:
ಫಿಟ್ಟರ್ ಅಣ್ಣ ಹೇಳಿದ್ದು ಸರಿ, ನಾನು ಡೈ ಮಾಡೋ ಕಡೆಯಿಂದ ಹೇಳ್ತೀನಿ. ಬಿಡಿಸಿದ ಪ್ಯಾಕ್ ಅಳೆದು ಡೈ ಮಾಡಿದ್ರೆ ಹೀಗೇ ಆಗೋದು ಬ್ರೋ. ಆ ಪ್ಯಾಕಿನ ಬೋರ್ಡು ಸಾಮಾನ್ಯವಾಗಿ 220-230 ಜಿಎಸ್ಎಂ ಅಷ್ಟೇ, ಸುಮಾರು 0.3 ಮಿಮೀ ದಪ್ಪ. ನಿಮ್ಮದು 300 ಗ್ರೇಬ್ಯಾಕು, ದಪ್ಪ ಜಾಸ್ತಿ. ಪ್ರತಿ ಮಡಿಕೆಯಲ್ಲೂ ಆ ದಪ್ಪ ಒಂದಷ್ಟು ಅಳತೆ ತಿನ್ನುತ್ತೆ.

ಆ ಒಂದು ಮಿಲಿಮೀಟರ್ ಸಂದು ಎಲ್ಲಿಂದ ಬಂತು ನೋಡಿ. ಬ್ಲ್ಯಾಂಕನ್ನ ಟೇಬಲ್ ಮೇಲೆ ಉದ್ದಕ್ಕೆ ಹರಡಿ. ಒಂದು ತುದಿಯಲ್ಲಿ ಡಬ್ಬಿಯ ಮುಂಭಾಗ, ಆಮೇಲೆ ತಳ, ಆಮೇಲೆ ಬೆನ್ನು, ಹಿಂಜ್ ಗೆರೆ, ಮುಚ್ಚಳದ ಬೆನ್ನು, ನೆತ್ತಿ, ಕೊನೇಲಿ ಮುಚ್ಚಳದ ಮುಂಭಾಗ, ಅದಕ್ಕೆ ಒಳಗೆ ಮಡಚೋ ಒಂದು ಪಟ್ಟಿ. ಕಟ್ಟಿದ ಮೇಲೆ ಅಕ್ಕಪಕ್ಕ ಬಂದು ಮುಟ್ಟಬೇಕಾದ ಎರಡು ಅಂಚು ಬ್ಲ್ಯಾಂಕಲ್ಲಿ ಆ ತುದಿ ಈ ತುದಿ! ಮಧ್ಯೆ ನಾಲ್ಕು ಮಡಿಕೆ ಇದೆ, ಒಂದೊಂದರಲ್ಲಿ 0.2 ತಪ್ಪಿದ್ರೂ ಕೊನೇಲಿ 0.8 ಆಗುತ್ತೆ. ನಿಮ್ಮ ದೀಪದ ಜ್ವಾಲೆನೂ ಹಣತೆನೂ ಕೂಡದೇ ಇರೋದಕ್ಕೂ ಇದೇ ಕಾರಣ, ಪ್ರಿಂಟಿಂಗ್ ಮೇಲೆ ತಪ್ಪು ಹೊರಿಸ್ಬೇಡಿ. ಮೊದಲು ನಿಮ್ಮ ಬೋರ್ಡಲ್ಲೇ ಬ್ಲೇಡಲ್ಲಿ ಕೈಯಿಂದ ಕಟ್ ಮಾಡಿ ನಾಲ್ಕು ಸ್ಯಾಂಪಲ್ ಕಟ್ಟಿ ನೋಡಿ, ಅಳತೆ ಕೂತ ಮೇಲೆ ಡೈ.

ಒಳಗೆ ನಾರು ಏಳೋದು ಬೇರೆ ಕಥೆ. ಕ್ರೀಸಿಂಗ್ ರೂಲ್ (ಡೈಯಲ್ಲಿ ಮಡಿಕೆ ಗೆರೆ ಒತ್ತೋ ಸ್ಟೀಲ್ ಪಟ್ಟಿ) ಪ್ರಿಂಟ್ ಕಡೆಯಿಂದ ಒತ್ತುತ್ತೆ, ಉಬ್ಬು ಒಳಗಡೆ ಬರುತ್ತೆ, ಮಾಮೂಲಿ ಡಬ್ಬಿಯಲ್ಲಿ ಪ್ರಿಂಟ್ ಹೊರಗೆ ಇರೋ ಹಾಗೆ ಮಡಚ್ತೀವಿ, ಸರಿಹೋಗುತ್ತೆ. ಹಿಂಜ್ ಮಾತ್ರ ಉಲ್ಟಾ. ಮುಚ್ಚಳ ಹಿಂದಕ್ಕೆ ತೆಗೆದಾಗ ಪ್ರಿಂಟ್ ಕಡೆ ಒಳಗೆ ಹೋಗುತ್ತೆ, ಬೂದು ಕಡೆ ಹಿಗ್ಗುತ್ತೆ. ಗ್ರೇಬ್ಯಾಕ್ ಅಂದ್ರೆ ಹಳೇ ಪೇಪರಿನ ತುಂಡು ನಾರು, ಹಿಗ್ಗೋಕೆ ಶಕ್ತಿ ಇಲ್ಲ, ಸೀಳುತ್ತೆ. ಹೊಸ ನಾರಿನ ಎಫ್‌ಬಿಬಿ ಅಥವಾ ಎಸ್‌ಬಿಎಸ್ ಬೋರ್ಡು ಹಾಕಿ, ಸುಲ್ತಾನ್‌ಪೇಟೆ ಪೇಪರ್ ಅಂಗಡಿಗಳಲ್ಲಿ ಕೇಳಿ. ಬೋರ್ಡಿನ ಗ್ರೇನ್ (ನಾರಿನ ದಿಕ್ಕು) ಹಿಂಜ್ ಗೆರೆಗೆ ಸಮಾನಾಂತರ ಬರೋ ಹಾಗೆ ಲೇಔಟ್ ಇಡಿ. ಚಾನೆಲ್ (ಒತ್ತುವಾಗ ರೂಲಿನ ಎದುರಿಗೆ ಇರೋ ತೋಡು) ಅಗಲ ಅಂದ್ರೆ ಬೋರ್ಡ್ ದಪ್ಪದ ಒಂದೂವರೆ ಪಟ್ಟು ಪ್ಲಸ್ ರೂಲಿನ ದಪ್ಪ. 0.3 ಬೋರ್ಡಿಗೆ 0.71 ರೂಲ್ ಆದ್ರೆ ಹತ್ರ ಹತ್ರ 1.2 ಮಿಮೀ. ನಿಮ್ಮ ಹುಡುಗ್ರು ಎಲ್ಲಾ ಕೆಲಸಕ್ಕೂ ಒಂದೇ ಚಾನೆಲ್ ಅಂಟಿಸ್ತಾರಾ ನೋಡಿ, ತುಂಬಾ ಪ್ರೆಸ್ಸಲ್ಲಿ ಇದೇ ನಡೀತಿದೆ, ನನಗೆ ಹೊಟ್ಟೆ ಉರಿಯುತ್ತೆ. ಡೈ ಎಷ್ಟು ಚೆನ್ನಾಗಿ ಮಾಡಿಕೊಟ್ರೂ ಅಲ್ಲಿ ಹಾಳಾಗುತ್ತೆ.

ಇನ್ನೊಂದು, ಪಕ್ಕದ ಗೋಡೆ ಎರಡೆರಡು ಪದರ ಅಲ್ವಾ, ಒಳಪದರದ ಪ್ರಿಂಟ್ ಮುಖಕ್ಕೇ ಅಂಟು ಬೀಳೋದು. ಅಲ್ಲಿ ಲ್ಯಾಮಿನೇಷನ್ ಇದ್ರೆ ಬಿಳಿ ಗಮ್ ಹಿಡಿಯಲ್ಲ. ಲ್ಯಾಮಿನೇಷನ್ ಬಿಟ್ಟು ವಾರ್ನಿಷ್ ಮಾಡಿಸಿ, ಅಂಟು ಬೀಳೋ ಜಾಗ ಖಾಲಿ ಬಿಡಿಸಿ.

ಸುಮಾ_ಮೈಸೂರು:
ನಾನು ಪ್ರೆಸ್ಸಿನವಳಲ್ಲ, ಹುಡುಕ್ತಾ ಬಂದೆ. ದೇವರ ಮುಂದೆ ಹಚ್ಚೋ ಧೂಪಕ್ಕೆ ಸಿಗರೇಟ್ ಡಬ್ಬಿ ಆಕಾರ ಯಾಕೆ ಅನ್ನಿಸ್ತು. ನಮ್ಮಪ್ಪನ ಷರ್ಟ್ ಜೇಬಲ್ಲಿ ಯಾವಾಗ್ಲೂ ಆ ಡಬ್ಬಿ ಇರ್ತಿತ್ತು, ಶ್ವಾಸಕೋಶದ ಕ್ಯಾನ್ಸರಲ್ಲೇ ಹೋದ್ರು. ಅದೇ ಆಕಾರ ದೇವರ ಮನೆ ಗೂಡಲ್ಲಿ ನೋಡೋಕೆ ನನ್ನ ಕೈಲಿ ಆಗಲ್ಲ. ನಿಮ್ಮ ಕಸ್ಟಮರ್ ಹತ್ರ ಒಂದು ಮಾತು ಕೇಳಿ, ಟೀ ಬ್ಯಾಗ್ ಡಬ್ಬಿ ಥರ ಅಗಲವಾಗಿ, ಎತ್ತರ ಕಮ್ಮಿ ಮಾಡಿದ್ರೆ ಆಗಲ್ವಾ ಅಂತ.

ಕಾಟನ್‌ಪೇಟೆ_ಪ್ರೆಸ್:
ಸುಮಾ ಮೇಡಂ, ನಿಮ್ಮ ತಂದೆಯವರ ವಿಷಯ ಓದಿ ಬೇಜಾರಾಯ್ತು. ನೀವು ಹೇಳಿದ್ದು ನನ್ನ ತಲೆಗೆ ಬಂದೇ ಇರ್ಲಿಲ್ಲ, ನಾನು ಬರೀ ಡೈ ಗೆರೆ ನೋಡ್ತಿದ್ದೆ. ಇವತ್ತೇ ಫೋನ್ ಮಾಡಿ ಹೇಳ್ತೀನಿ. ಫಿಟ್ಟರ್ ಅಣ್ಣ, ನೀವು ಹೇಳಿದ್ದು ನಿಜ, ಅವರು ಎಲ್ಲಾ ಗೆರೆನೂ ಮಡಚ್ತಾರೆ, ಹಿಂಜೂ ಸೇರಿ. ಫ್ರೇಮ್ ಅಗಲ ಎಷ್ಟಿಡಲಿ?

ಲೇಔಟ್_ಮಾಡೋನು:
ಚಿತ್ರ ಕೂಡೋ ವಿಷಯಕ್ಕೆ ಸ್ವಲ್ಪ ಹೇಳ್ತೀನಿ, ನಾನು ಪ್ಯಾಕೇಜಿಂಗ್ ಡಿಸೈನರ್. ಈ ಮುಚ್ಚಳದ ಪ್ಯಾಕು ಜಗತ್ತಿಗೆಲ್ಲಾ ಗೊತ್ತಾಗಿದ್ದು 1950ರ ದಶಕದ ಮಧ್ಯದಲ್ಲಿ ಅಮೆರಿಕದಲ್ಲಿ ಮಾರ್ಲ್‌ಬೊರೊ ಹೊಸ ವೇಷದಲ್ಲಿ ಬಂದಾಗ, ಆ ಕೆಂಪು ಬಿಳಿ ಡಿಸೈನ್ ಫ್ರಾಂಕ್ ಜಿಯಾನಿನೊಟೊ ಅವರದ್ದು. ಅದಕ್ಕೆ ಮುಂಚೆ ಮೆತ್ತನೆ ಕಾಗದದ ಪ್ಯಾಕು, ಇಲ್ಲಾ ಬೆಂಕಿಪೊಟ್ಟಣದ ಥರ ಒಳಗಿಂದ ತಳ್ಳೋ ಪ್ಯಾಕು. ಮುಚ್ಚಳದ ಪ್ಯಾಕಿಗೆ ಮಷಿನ್ ಮಾಡಿದೋರು ಅಂದ್ರೆ ಬ್ರಿಟನ್ನಿನ ಮೋಲಿನ್ಸ್, ಇಟಲಿಯ ಬೊಲೊನ್ಯಾದ ಜಿ.ಡಿ., ಜರ್ಮನಿಯ ಫೊಕೆ. ಆಗೆಲ್ಲಾ ಡಿಸೈನರ್‌ಗಳು ಮುಖ್ಯವಾದ ಅಕ್ಷರನ ಮುಚ್ಚಳದ ಗೆರೆ ಮೇಲೆ ಬರದ ಹಾಗೆ ಕೆಳಗಿಡ್ತಿದ್ರು.

ಈಗ ನಮ್ಮ ದೇಶದಲ್ಲಿ ಆ ಆಯ್ಕೆನೇ ಇಲ್ಲ. 2016ರ ಏಪ್ರಿಲ್ 1ರಿಂದ ಸಿಗರೇಟ್ ಪ್ಯಾಕಿನ ಎಚ್ಚರಿಕೆ, ಚಿತ್ರ ಬರಹ ಎರಡೂ ಸೇರಿ, ಮುಂದೆ ಹಿಂದೆ ಎರಡೂ ಕಡೆ 85% ಜಾಗ ತುಂಬಬೇಕು, ಮೇಲಿನ ಅಂಚಿಂದ ಶುರು. ಅಂದ್ರೆ ಚಿತ್ರ ಮುಚ್ಚಳದ ಗೆರೆ ದಾಟಿ ಕೆಳಗೆ ಹೋಗ್ಲೇಬೇಕು. ಇದರ ವಿರುದ್ಧದ ಕೇಸುಗಳು ನಮ್ಮ ಕರ್ನಾಟಕ ಹೈಕೋರ್ಟಿಗೇ ಬಂದು, 2017ರ ಡಿಸೆಂಬರಲ್ಲಿ ಕೋರ್ಟ್ ಆ ನಿಯಮ ರದ್ದು ಮಾಡ್ತು, 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಡ್ತು, 85% ಉಳೀತು. ಯೂರೋಪಲ್ಲಿ 65%, ಅಲ್ಲಿ ಈ ಥರ ಮುಚ್ಚಳ ಇರೋ ಪ್ಯಾಕಿಗೆ ಮಾತ್ರ ತೆಗೆಯೋವಾಗ ಎಚ್ಚರಿಕೆ ಇಬ್ಭಾಗ ಆದ್ರೆ ಪರವಾಗಿಲ್ಲ, ಆದ್ರೆ ಚಿತ್ರ ಅಕ್ಷರ ಕೆಡಬಾರದು ಅಂತ ಕಾನೂನಲ್ಲೇ ಬರೆದಿದ್ದಾರೆ. ನನಗೆ ಕೇಳಿದ್ರೆ ಆ 85% ಇನ್ನೂ ಮೊದಲೇ ಬರಬೇಕಿತ್ತು. ಸುಮಾ ಅವರ ಪೋಸ್ಟ್ ಓದಿದ ಮೇಲಂತೂ.

ನಿಮ್ಮ ದೀಪಕ್ಕೆ ಬರೋಣ. ಗೆರೆ ಹತ್ರ ಅರ್ಧ ಮಿಲಿಮೀಟರ್ ಆಚೀಚೆ ಆದ್ರೂ ಕಣ್ಣಿಗೆ ಕಾಣದ ಹಾಗೆ ಡಿಸೈನ್ ಮಾಡ್ಬೇಕು. ಜ್ವಾಲೆಯ ಬತ್ತಿ ಸರಿಯಾಗಿ ಗೆರೆ ಮೇಲೆ ಬಂದ್ರೆ ಮುಗೀತು, ಎಲ್ಲರ ಕಣ್ಣಿಗೂ ಹೊಡಿಯುತ್ತೆ. ದೀಪ ಪೂರ್ತಿ ಕೆಳಗಿಡಿ, ಮೇಲೆ ಬರೀ ಹೊಂಬಣ್ಣ. ಒಳಗಿನ ಫ್ರೇಮಿಗೂ ಅದೇ ಬಣ್ಣ ಕೊಡಿ, ಸಂದಲ್ಲಿ ಬಿಳಿ ಕಾಣೋ ಬದಲು ಹೊಂಬಣ್ಣ ಕಾಣುತ್ತೆ.

ಹಳೇ_ಫಿಟ್ಟರ್:
ಫ್ರೇಮಿನ ಅಗಲ ಡಬ್ಬಿಯ ಒಳ ಅಗಲಕ್ಕಿಂತ ಒಂದು ಕೂದಲೆಳೆ ಜಾಸ್ತಿ, 0.2 ಮಿಮೀ ಇಂದ ಶುರು ಮಾಡು. ಜಾಸ್ತಿ ಆದ್ರೆ ಮುಚ್ಚಳ ಬಿಗಿಯಾಗಿ ಪಕ್ಕದ ಗೋಡೆ ಹರಿಯುತ್ತೆ. ಅಂಟು ಫ್ರೇಮಿನ ಕೆಳಭಾಗಕ್ಕೆ ಮಾತ್ರ, ಮೇಲೆ ಎದ್ದು ನಿಲ್ಲೋ ಜಾಗಕ್ಕೆ ಒಂದು ಹನಿನೂ ತಾಗಬಾರದು, ತಾಗಿದ್ರೆ ಮುಚ್ಚಳನೇ ಅಂಟ್ಕೊಂಡುಬಿಡುತ್ತೆ, ನಮ್ಮಲ್ಲಿ ಒಂದು ಶಿಫ್ಟ್ ಪೂರ್ತಿ ಹಾಗೆ ಹೋಗಿದ್ದು ನೆನಪಿದೆ. ಆಮೇಲೆ ಧೂಪದಲ್ಲಿ ಎಣ್ಣೆ ಇರುತ್ತೆ, ಬೋರ್ಡಿಗೆ ಇಳಿಯುತ್ತೆ. ಸಿಗರೇಟಿಗೆ ಹಾಕೋ ಥರ ಒಳಗೆ ಫಾಯಿಲ್ ಪೇಪರ್ ಸುತ್ತಿಸು, ಮೇಲೆ ತೆಳು ಬಿಒಪಿಪಿ ಪ್ಲಾಸ್ಟಿಕ್ ಹಾಳೆ. ವಾಸನೆನೂ ಉಳಿಯುತ್ತೆ.

ಕಾಟನ್‌ಪೇಟೆ_ಪ್ರೆಸ್:
ಅಪ್ಡೇಟ್. ಎಫ್‌ಬಿಬಿ ಒಂದು ಶೀಟ್ ತಂದು ಕೈಯಲ್ಲಿ ಕಟ್ ಮಾಡಿ ಆರು ಬಾಕ್ಸ್ ಕಟ್ಟಿದ್ವಿ, ಫ್ರೇಮ್ ಹಾಕಿ, ಮರದ ಅಚ್ಚಿನ ಮೇಲೆ, ಹಿಂಜ್ ಮುಟ್ಟದೆ. ಪೇಸ್ಟಿಂಗ್ ಅಮ್ಮ ಮೊದಲನೇದನ್ನ ಮುಚ್ಚಿದಾಗ ಟಕ್ ಅಂತ ಸಣ್ಣ ಸದ್ದು ಬಂತು, ಅವರು ಇನ್ನೊಂದ್ಸಲ ತೆಗೆದು ಮುಚ್ಚಿ ನನ್ನ ಕಿವಿ ಹತ್ರ ಹಿಡಿದ್ರು. ತಲೆಕೆಳಗೆ ಮಾಡಿ ಅಲ್ಲಾಡಿಸಿದ್ರೂ ಮುಚ್ಚಳ ತೆರ್ಕೊಳ್ಳಲಿಲ್ಲ. ಐವತ್ತು ಸಲ ತೆಗೆದು ಹಾಕಿದೀನಿ, ನಾರು ಎದ್ದಿಲ್ಲ. ಸಂದು ಇನ್ನೂ ಅರ್ಧ ಮಿಮೀ ಇದೆ, ಮುಚ್ಚಳದ ಮುಂಭಾಗ ಅಷ್ಟು ಉದ್ದ ಮಾಡ್ತೀನಿ.

ಕಸ್ಟಮರ್ ಹತ್ರ ಸುಮಾ ಮೇಡಂ ಮಾತು ಹೇಳ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗಾದ್ರೆ ಕಡ್ಡಿ ಎರಡು ಸಾಲಲ್ಲಿ ಹತ್ತು ಹತ್ತು ಇಟ್ಟು ಅಗಲ ಮಾಡಿ, ಜೇಬಿಗೆ ಹಿಡಿಯೋ ಹಾಗೆ ಬೇಡ ಅಂದ್ರು. ಹೊಸ ಅಳತೆಗೆ ಅಚ್ಚು ಮಾಡಿಸೋಕೆ ಕೊಟ್ಟು ಬಂದೆ.