ಕಾಫಿ ಕ್ಯೂರಿಂಗ್‌ನಲ್ಲಿ ಮೊದಲ ಇಂಟರ್ನ್‌ಶಿಪ್: ಏನು ತಯಾರಿ ಮಾಡಿಕೊಳ್ಳಲಿ?

ಕೇಳಿದವರು: ಮೆಕ್ಯಾನಿಕಲ್ ವಿದ್ಯಾರ್ಥಿನಿ, ಹಾಸನ

ಎಲ್ಲರಿಗೂ ನಮಸ್ಕಾರ. ನನ್ನ ಊರು ಅರಕಲಗೂಡು ಹತ್ತಿರ. ಐದನೇ ಸೆಮಿಸ್ಟರ್ ಪರೀಕ್ಷೆ ಮುಗಿದ ಮೇಲೆ, ಜನವರಿಯಲ್ಲಿ, ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ (ಒಣಗಿದ ಕಾಫಿಯ ಸಿಪ್ಪೆ ಬಿಡಿಸಿ ಬೀಜ ವಿಂಗಡಿಸುವ ಕಾರ್ಖಾನೆ) ನಾಲ್ಕು ವಾರ ಇಂಟರ್ನ್‌ಶಿಪ್ ಸಿಕ್ಕಿದೆ. ನಮ್ಮ ಕಡೆ ಹೊಗೆಸೊಪ್ಪು, ಆಲೂಗಡ್ಡೆ ಬೆಳೆಯುತ್ತಾರೆ. ಕಾಫಿ ಬಗ್ಗೆ ನನಗೆ ಏನೂ ಗೊತ್ತಿಲ್ಲ. ಹತ್ತನೇ ಕ್ಲಾಸ್‌ವರೆಗೆ ಕನ್ನಡ ಮೀಡಿಯಂ, ಇಂಗ್ಲಿಷ್ ಮಾತಾಡಲು ಭಯ. ಹೋಗುವ ಮುಂಚೆ ಏನು ಓದಲಿ, ಏನು ತೆಗೆದುಕೊಂಡು ಹೋಗಲಿ? ಅನುಭವ ಇದ್ದವರು ದಯವಿಟ್ಟು ಹೇಳಿ.

ಉತ್ತರ: ಮೆಕ್ಯಾನಿಕಲ್ ಓದಿದವರು, ಮೂಡಿಗೆರೆ

ತಂಗಿ, ನಾನು 2018ರಲ್ಲಿ ಇಂಥದ್ದೇ ಒಂದು ಕ್ಯೂರಿಂಗ್‌ನಲ್ಲಿ ಒಂದು ತಿಂಗಳು ಇದ್ದೆ. ಮೊದಲ ವಾರ ಪೂರ್ತಿ ಹಾಳು ಮಾಡಿಕೊಂಡೆ. ಆಫೀಸಿನಲ್ಲಿ ಕೂತು ಮಷಿನ್‌ಗಳ ಕ್ಯಾಟಲಾಗ್ ನೋಡಿ ಹಾರ್ಸ್‌ಪವರ್, ಆರ್‌ಪಿಎಂ ಬರೆದುಕೊಳ್ಳುತ್ತಿದ್ದೆ. ಎರಡನೇ ಸೋಮವಾರ ಹಲ್ಲರ್, ಅಂದರೆ ಒಣಗಿದ ಕಾಫಿಯ ಸಿಪ್ಪೆ ಬಿಡಿಸುವ ಮಷಿನ್, ನಡೆಸುವ ಹಿರಿಯರೊಬ್ಬರು ಕರೆದು, ಅಂಗೈ ತುಂಬ ಬೀಜ ಕೊಟ್ಟು, "ಒಡೆದದ್ದು ಎಷ್ಟಿದೆ ಎಣಿಸು" ಎಂದರು. ಎಣಿಸಿದೆ. "ಯಾಕೆ ಒಡೀತು?" ಎಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ನನ್ನ ಇಂಟರ್ನ್‌ಶಿಪ್ ಶುರುವಾಗಿದ್ದು ಅವತ್ತು.

ಅದಕ್ಕೇ ಹೇಳುತ್ತೇನೆ, ಮಷಿನ್‌ಗಿಂತ ಮೊದಲು ಬೀಜವನ್ನು ತಿಳಿದುಕೋ. ಹಣ್ಣಿನ ಸಿಪ್ಪೆ ಪಲ್ಪರ್‌ನಲ್ಲಿ ತೆಗೆದು, ತೊಳೆದು, ಒಳಪೊರೆ ಸಮೇತ ಒಣಗಿಸಿದ್ದು ಪಾರ್ಚ್‌ಮೆಂಟ್. ಹಣ್ಣನ್ನು ಹಾಗೇ ಒಣಗಿಸಿದರೆ ಚೆರಿ. ತೇವಾಂಶ ಪಾರ್ಚ್‌ಮೆಂಟ್‌ಗೆ ಶೇ. 10, ಅರೇಬಿಕಾ ಚೆರಿಗೆ 10.5, ರೊಬಸ್ಟಾ ಚೆರಿಗೆ 11 ಅಂತ ಲೆಕ್ಕ. ಅದಕ್ಕಿಂತ ಜಾಸ್ತಿ ಒಣಗಿದರೆ ಹಲ್ಲರ್‌ನಲ್ಲಿ ಬೀಜ ಒಡೆಯುತ್ತದೆ. ಹಸಿ ಉಳಿದರೆ ಗೋದಾಮಿನಲ್ಲಿ ಬೂಷ್ಟು ಹಿಡಿಯುತ್ತದೆ. ಒಡೆಯುವುದಕ್ಕೆ ಹಲ್ಲರ್ ಸೆಟ್ಟಿಂಗ್ ಕಾರಣ ಇರಬಹುದು, ತೋಟದ ಕಣದಲ್ಲಿ ಒಣಗಿಸಿದ ರೀತಿಯೂ ಕಾರಣ ಇರಬಹುದು. ಯಾವುದು ಅಂತ ಹುಡುಕುವುದೇ ಅಲ್ಲಿ ನಮ್ಮ ಕೆಲಸ.

ಇದರಲ್ಲಿ ಬೆಳೆಗಾರರ ದುಡ್ಡಿದೆ. ಐವತ್ತು ಕೆಜಿ ಚೆರಿ ಮೂಟೆಯಿಂದ ಸುಮಾರು 26ರಿಂದ 28 ಕೆಜಿ ಬೀಜ ಬರುತ್ತದೆ. ಅದಕ್ಕೆ ಔಟ್‌ಟರ್ನ್ ಅನ್ನುತ್ತಾರೆ, ಚೆರಿಯ ರೇಟು ನಿಲ್ಲುವುದು ಅದರ ಮೇಲೆ. ನಮ್ಮ ಅಪ್ಪನೂ ಎಷ್ಟೋ ವರ್ಷ ಮೂಟೆ ಇಳಿಸಿ ಅಲ್ಲೇ ಕಾದು ನಿಂತವರು. ಔಟ್‌ಟರ್ನ್ ಒಂದು ಪಾಯಿಂಟ್, ಅಂದರೆ ಮೂಟೆಗೆ ಒಂದು ಕೆಜಿ, ಕಡಿಮೆ ಬಂದ ದಿನ ಮನೆಯಲ್ಲಿ ಮಾತೇ ಇರುತ್ತಿರಲಿಲ್ಲ. ಅದು ಯಾಕೆ ಅಂತ ನನಗೆ ಅರ್ಥವಾಗಿದ್ದು ಆ ತಿಂಗಳಲ್ಲಿ.

ಡಿಸೆಂಬರ್‌ನಲ್ಲಿ ಅರೇಬಿಕಾ ಕೊಯ್ಲು ನಡೆಯುತ್ತಿರುತ್ತದೆ. ಸಕಲೇಶಪುರದ ಕಡೆಯ ಗೆಳತಿಯರು ಕ್ಲಾಸಿನಲ್ಲಿ ಇದ್ದೇ ಇರುತ್ತಾರೆ ಅಲ್ವಾ? ಒಂದು ಭಾನುವಾರ ಅವರ ತೋಟಕ್ಕೆ ಹೋಗು. ಸಂಜೆ ಪಲ್ಪರ್ ಓಡುವಾಗ ನಿಂತು ನೋಡು. ಕಣದಲ್ಲಿ ಕಾಫಿ ಕೈಯಾಡಿಸುವವರ ಜೊತೆ ಮಾತಾಡು. ಹತ್ತು ವಿಡಿಯೊ ನೋಡುವುದಕ್ಕಿಂತ ಅದು ಮೇಲು.

ಕ್ಯೂರಿಂಗ್‌ಗೆ ಸೇರಿದ ಮೊದಲ ಎರಡು ದಿನ ಒಂದೇ ಲಾಟ್‌ನ (ಒಟ್ಟಿಗೆ ಬಂದ ಮೂಟೆಗಳ) ಹಿಂದೆ ಹೋಗು. ಗೇಟಿನಲ್ಲಿ ತೂಕ, ಸ್ಯಾಂಪಲ್, ತೇವಾಂಶ. ಆಮೇಲೆ ಕಲ್ಲು ಬೇರ್ಪಡಿಸುವುದು, ಹಲ್ಲರ್, ಗಾತ್ರ ನೋಡಿ ಬೀಜ ವಿಂಗಡಿಸುವ ಗ್ರೇಡರ್, ಬಣ್ಣ ನೋಡಿ ಆರಿಸುವ ಮಷಿನ್, ಕೊನೆಗೆ ಚೀಲ. ಗ್ರೇಡರ್ ಜರಡಿಗಳ ಅಳತೆ ಬರೆದುಕೋ: ಡಬಲ್ ಎ ಅಂದರೆ 7.10 ಮಿಮೀ ಜರಡಿಯ ಮೇಲೆ ನಿಲ್ಲುವ ಬೀಜ, ಎ ಅಂದರೆ 6.65. ಒಂಟಿ ಬೀಜದ ಪೀಬೆರಿ ಬೇರೆ ಹೋಗುತ್ತದೆ.

ಉತ್ತರ: ಚಿಕ್ಕಮಗಳೂರಿನವರು, ಈಗ ಬೆಂಗಳೂರಿನಲ್ಲಿ ಕೆಲಸ

ಪುಟ್ಟಾ, ಇಂಗ್ಲಿಷ್ ಬಗ್ಗೆ ಹೇಳುತ್ತೇನೆ. ನಾನೂ ಕನ್ನಡ ಮೀಡಿಯಂ. ಮೊದಲ ಇಂಟರ್ನ್‌ಶಿಪ್‌ನಲ್ಲಿ ಬಾಯಿ ಬಿಡದೆ ಹದಿನೈದು ದಿನ ಕಳೆದೆ. ಆಮೇಲೆ ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೇನೆ, ಎಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ, ಈ ಮೂರು ಮಾತನ್ನು ದಿನಾ ರಾತ್ರಿ ಇಂಗ್ಲಿಷ್‌ನಲ್ಲಿ ಬರೆದು, ಬೆಳಿಗ್ಗೆ ಜೋರಾಗಿ ಹೇಳಿಕೊಂಡು ಹೋಗುತ್ತಿದ್ದೆ. ಅಷ್ಟೇ ಸಾಕಾಯಿತು. ನೀನು ಹೋಗುವ ಕಡೆ ಕೆಲಸಗಾರರ ಜೊತೆ ಕನ್ನಡವೇ ಜಾಸ್ತಿ ಬೇಕಾಗುತ್ತದೆ. ಅದು ನಿನಗೆ ಅನುಕೂಲ.

ಹಾಸನದಿಂದ ಬೇಲೂರು ಮೇಲೆ 60 ಕಿಲೋಮೀಟರ್ ಹತ್ತಿರ ಆಗುತ್ತದೆ. ದಿನಾ ಓಡಾಡಬೇಡ. ಸುಸ್ತಾಗಿ ಸಂಜೆ ನೋಟ್ಸ್ ಬರೆಯಲು ಆಗುವುದಿಲ್ಲ. ನೆಂಟರ ಮನೆ ಅಥವಾ ಲೇಡೀಸ್ ಪಿಜಿ ನೋಡಿಕೋ. ಸ್ವೆಟರ್ ಮರೆಯಬೇಡ, ಜನವರಿ ಬೆಳಿಗ್ಗೆ ನಮ್ಮೂರಲ್ಲಿ ಚಳಿ.

ಇನ್ನೊಂದು. ನನ್ನ ಗೆಳತಿಯೊಬ್ಬಳು ಸರ್ಟಿಫಿಕೇಟ್‌ಗಾಗಿ ಆನ್‌ಲೈನ್‌ನಲ್ಲಿ ಯಾರಿಗೋ ಆರು ಸಾವಿರ ಕಟ್ಟಿದಳು. ಕೆಲಸವನ್ನೂ ಕಲಿಸಲಿಲ್ಲ, ಕಾಲೇಜಿನಲ್ಲಿ ಆ ಕಾಗದವನ್ನೂ ಒಪ್ಪಲಿಲ್ಲ. ನಿನಗೆ ಸಿಕ್ಕಿರುವುದು ನಿಜವಾದ ಜಾಗ. ಆದರೂ ಕಾಲೇಜಿನ ಪತ್ರ, ಅವರ ಒಪ್ಪಿಗೆ ಪತ್ರ ಎರಡನ್ನೂ ಹೋಗುವ ಮುಂಚೆಯೇ ಕೈಗೆ ತೆಗೆದುಕೋ. ತಾರೀಖು ಸರಿ ಇದೆಯಾ ನೋಡು.

ಉತ್ತರ: ಕಾರ್ಖಾನೆ ಸೂಪರ್‌ವೈಸರ್, ಹಾಸನ

ನಾನು ಪ್ರತಿ ವರ್ಷ ಹುಡುಗ ಹುಡುಗಿಯರನ್ನು ಇಂಟರ್ನ್‌ಶಿಪ್‌ಗೆ ತೆಗೆದುಕೊಳ್ಳುತ್ತೇನೆ. ದುಪಟ್ಟಾ, ಸಡಿಲ ತೋಳು, ಬಿಟ್ಟ ಜಡೆ ಬೆಲ್ಟಿನ ಹತ್ತಿರ ಬೇಡವೇ ಬೇಡಮ್ಮ. ಕೂದಲು ಗಂಟು ಕಟ್ಟಿ, ಮುಚ್ಚಿದ ಶೂ ಹಾಕಿ. ಹೊಟ್ಟಿನ ಧೂಳಿಗೆ ಮಾಸ್ಕ್ ಇರಲಿ. ಓಡುವ ಮಷಿನ್‌ಗೆ ಕೈ ಹಾಕಬೇಡಿ, ಕೇಳದೆ ಫೋಟೊ ತೆಗೆಯಬೇಡಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ, ನಮಗೆ ಬೇಜಾರಿಲ್ಲ. ಗೊತ್ತಿದೆ ಎಂದು ತಲೆಯಾಡಿಸಿದವರ ಹಿಂದೆ ನಾನು ಎರಡು ಸಲ ಓಡಿದ್ದೇನೆ. ಆಗ ಕೈ ಕಾಲು ನಡುಗುತ್ತದೆ.

ಕೇಳಿದವರು

ಎಲ್ಲರಿಗೂ ತುಂಬಾ ಧನ್ಯವಾದ. ಸಕಲೇಶಪುರದ ಗೆಳತಿಗೆ ಫೋನ್ ಮಾಡಿದೆ, ಮುಂದಿನ ಭಾನುವಾರ ಬಾ ಎಂದಿದ್ದಾಳೆ. ಅಣ್ಣಾ, ಒಂದೇ ಪ್ರಶ್ನೆ. ರಿಪೋರ್ಟ್‌ಗೆ ವಿಷಯ ಯಾವುದು ತೆಗೆದುಕೊಂಡಿರಿ?

ಮೂಡಿಗೆರೆಯವರು

ಅದೇ, ಒಡೆದ ಬೀಜ. ದಿನಾ ಐದು ಲಾಟ್‌ನಿಂದ ನೂರು ಗ್ರಾಂ ಸ್ಯಾಂಪಲ್ ಕೇಳಿ ತೆಗೆದುಕೊಂಡು, ತೇವಾಂಶ ಒಂದು ಕಡೆ, ಒಡೆದದ್ದರ ತೂಕ ಇನ್ನೊಂದು ಕಡೆ ಬರೆದೆ. ಹದಿನೆಂಟು ದಿನದ ಲೆಕ್ಕ ಆಯಿತು. ಹೋಗುವ ದಿನ ಒಂದು ಪ್ರತಿಯನ್ನು ಆ ಹಲ್ಲರ್ ಹಿರಿಯರಿಗೆ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ನೀನೂ ಒಂದು ಪ್ರತಿ ಜಾಸ್ತಿ ಪ್ರಿಂಟ್ ತೆಗೆಸು, ತಂಗಿ.