ಹಿಂಸೆಗೆ ಎಬ್ಬಿಸುವ ವಿಡಿಯೊ: ತೆಗೆಸುವ ಅಧಿಕಾರ ಯಾರಿಗೆ, ಎಷ್ಟು?

ಪ್ರಶ್ನೆ: ಕುಮಟಾದ ನಿವೃತ್ತ ಶಿಕ್ಷಕಿ

ನಮ್ಮ ಕೇರಿಯ ವಾಟ್ಸಾಪ್ ಗುಂಪಿಗೆ ನಾನು ಅಡ್ಮಿನ್. ಕರೆಂಟ್ ಯಾವಾಗ ಹೋಗುತ್ತದೆ, ಗ್ಯಾಸ್ ಗಾಡಿ ಬಂತೇ, ಬಂಗಡೆ ಎಷ್ಟಕ್ಕೆ ಸಿಕ್ಕಿತು, ಅಲ್ಲಿ ಇಷ್ಟೇ ಮಾತು. ಕಳೆದ ವಾರ ರಾತ್ರಿ ಹತ್ತೂವರೆಗೆ ಅದರಲ್ಲಿ ಒಂದು ವಿಡಿಯೊ ಬಂದು ಬಿತ್ತು. ನಾಲ್ಕೈದು ಜನ ಸೇರಿ ಒಬ್ಬನನ್ನು ಕಡಿಯುತ್ತಿದ್ದಾರೆ. ಕೆಳಗೆ, 'ಇಂದು ಸಂಜೆ ನಮ್ಮ ತಾಲೂಕಿನಲ್ಲೇ ನಡೆದದ್ದು, ಇನ್ನೂ ಸುಮ್ಮನಿರುತ್ತೀರಾ?' ಎಂಬ ಸಾಲು.

ಕೈ ನಡುಗಿತು. ಎರಡನೇ ಸಲ ನೋಡುವಾಗ ಆ ಮನುಷ್ಯನನ್ನು ನೋಡಲಾಗದೆ ಹಿಂದಿನ ಅಂಗಡಿಯನ್ನು ನೋಡಿದೆ. ಅರ್ಧ ಎಳೆದ ಶಟರ್, ಮೇಲಿನ ಫಲಕದಲ್ಲಿ ಒಂದೇ ಒಂದು ಅಕ್ಷರವೂ ಕನ್ನಡದ್ದಲ್ಲ. ಹಾದುಹೋದ ಬಸ್ಸು ನಮ್ಮ ವಾಯವ್ಯ ಸಾರಿಗೆಯದಲ್ಲ. ತಕ್ಷಣ ಅಳಿಸಿದೆ. ಅಷ್ಟರಲ್ಲಿ ಇಬ್ಬರು ಹುಡುಗರು ಅದನ್ನು ಬೇರೆ ಗುಂಪುಗಳಿಗೆ ಕಳಿಸಿಯಾಗಿತ್ತು.

ಅದೇ ವಿಡಿಯೊ, ಅದೇ ಸಾಲು ಒಂದು ಸಾರ್ವಜನಿಕ ಪುಟದಲ್ಲೂ ಇತ್ತು. ದೂರು ಕೊಟ್ಟರೆ ಎರಡು ದಿನದ ಮೇಲೆ 'ನಮ್ಮ ಮಾರ್ಗಸೂಚಿಗೆ ವಿರುದ್ಧವಾಗಿಲ್ಲ' ಎಂದು ಇಂಗ್ಲಿಷಿನಲ್ಲಿ ಉತ್ತರ ಬಂತು.

2017ರ ಡಿಸೆಂಬರ್ ಕಂಡವಳು ನಾನು. ಹೊನ್ನಾವರದ ಕೆರೆಯಲ್ಲಿ ಯುವಕನೊಬ್ಬನ ಶವ ಸಿಕ್ಕ ಮೇಲೆ ಮೊಬೈಲಿನಿಂದ ಮೊಬೈಲಿಗೆ ಏನೇನೋ ಹರಿದಾಡಿತು. ಕುಮಟಾ, ಶಿರಸಿಗಳಲ್ಲಿ ಬೆಂಕಿ ಬಿತ್ತು. ಅದು ಆಕಸ್ಮಿಕ ಸಾವು ಎಂದು ಸಿಬಿಐ ವರದಿ ಕೊಟ್ಟದ್ದು 2022ರಲ್ಲಿ! ಸರ್ಕಾರಕ್ಕೆ ಇನ್ನೂ ಬಿಗಿಯಾದ ಅಧಿಕಾರ ಬೇಡವೇ? ಮತ್ತೆ, ನನ್ನ ಮೇಲೆ ಕೇಸ್ ಬೀಳುತ್ತದೆಯೇ?

ಉತ್ತರ: ಶಿರಸಿಯ ವಕೀಲ

ಅಕ್ಕೋರೇ, ಮೊದಲು ನಿಮ್ಮ ಭಯ ಬಿಡಿ. ಬೇರೆಯವರು ಹಾಕಿದ್ದಕ್ಕೆ ಅಡ್ಮಿನ್ ಹೊಣೆಯಲ್ಲ ಎಂದು ಕೇರಳ ಹೈಕೋರ್ಟ್ 2022ರಲ್ಲಿ ಹೇಳಿದೆ. ನೀವಂತೂ ಅಳಿಸಿದ್ದೀರಿ.

ಬಿಗಿಯಾದ ಅಧಿಕಾರ ಈಗಾಗಲೇ ಇದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಂ ಪ್ರಕಾರ ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆಯ ಕಾರಣಕ್ಕೆ ಕೇಂದ್ರ ಸರ್ಕಾರ ತಡೆ ಹಾಕಿಸಬಹುದು. 79ನೇ ಕಲಂ ಪ್ರಕಾರ, ಆದೇಶ ಬಂದರೂ ತೆಗೆಯದ ಕಂಪನಿಗೆ, ಬಳಕೆದಾರರು ಹಾಕಿದ್ದಕ್ಕೆ ತಾನು ಹೊಣೆಯಲ್ಲ ಎನ್ನುವ ಕಾನೂನಿನ ರಕ್ಷಣೆ ತಪ್ಪುತ್ತದೆ. 2021ರ ನಿಯಮದಲ್ಲಿ ಅದಕ್ಕೆ 36 ಗಂಟೆಯ ಗಡುವಿತ್ತು, 2026ರ ಫೆಬ್ರುವರಿಯಲ್ಲಿ 3 ಗಂಟೆಗೆ ಇಳಿಸಿದರು. ಆದರೆ ಈ ಗಡುವು ಕೋರ್ಟು ಅಥವಾ ಸರ್ಕಾರದ ಆದೇಶಕ್ಕೆ, ನಿಮ್ಮಂಥವರ ದೂರಿಗಲ್ಲ. ಪುಟದ ಕೊಂಡಿ, ಸ್ಕ್ರೀನ್‌ಶಾಟ್ ಹಿಡಿದು ಕಾರವಾರದ ಸಿಇಎನ್ (ಸೈಬರ್ ಅಪರಾಧ ನೋಡುವ) ಪೊಲೀಸ್ ಠಾಣೆಗೆ ದೂರು ಕೊಡಿ. ಕಂಪನಿಯ ಉತ್ತರದ ವಿರುದ್ಧ 30 ದಿನದೊಳಗೆ ಕೇಂದ್ರದ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಆನ್‌ಲೈನ್ ಅರ್ಜಿ ಹಾಕಬಹುದು.

ಉತ್ತರ: ಕಾರವಾರದ ವರದಿಗಾರ

ವಕೀಲರು ಹೇಳಿದ 3 ಗಂಟೆ ನನ್ನಂಥವನಿಗೆ ಹೆದರಿಕೆ ಹುಟ್ಟಿಸುತ್ತದೆ. ಬಂದರು ವಿಸ್ತರಣೆಯ ವಿರುದ್ಧ ಇಲ್ಲಿಯ ಮೀನುಗಾರರು ಕಡಲತೀರದಲ್ಲಿ ಕೂತಾಗ ನಾನು ಹಾಕಿದ್ದ ವಿಡಿಯೊ ಮರುದಿನ ಮಾಯವಾಗಿತ್ತು. ಪೊಲೀಸರು ಹೆಂಗಸರನ್ನು ಎಳೆದೊಯ್ಯುವ ದೃಶ್ಯವಿತ್ತು, 'ಹಿಂಸೆ' ಎಂದು ತೆಗೆದರು. ಯಾರು ಹೇಳಿದರು, ಯಾಕೆ ಹೇಳಿದರು, ಇಂದಿಗೂ ತಿಳಿದಿಲ್ಲ. 69ಎ ಆದೇಶಗಳನ್ನಂತೂ ಗುಟ್ಟಾಗಿಡಬೇಕೆಂದು 2009ರ ನಿಯಮವೇ ಹೇಳುತ್ತದೆ. ಯುರೋಪಿನಲ್ಲಿ 2022ರ ಜೂನ್‌ನಿಂದ ಭಯೋತ್ಪಾದನೆಯ ಸರಕಿಗೆ ಒಂದೇ ಗಂಟೆಯ ಗಡುವು. ಆದರೆ ಹಾಕಿದವನಿಗೆ ತಿಳಿಸಬೇಕು, ಅವನು ದೂರಬಹುದು, ಪತ್ರಿಕೆಯ ಕೆಲಸಕ್ಕೆ ವಿನಾಯಿತಿ ಇದೆ.

ಇನ್ನೊಂದು ಮಾತು. 2019ರ ಮಾರ್ಚ್‌ನಲ್ಲಿ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ 51 ಜನರನ್ನು ಕೊಂದವನು ಅದನ್ನು ನೇರಪ್ರಸಾರ ಮಾಡಿದ. ಒಂದೇ ದಿನದಲ್ಲಿ ಫೇಸ್‌ಬುಕ್ ತೆಗೆದ ಪ್ರತಿಗಳು 15 ಲಕ್ಷ. ಒಂದು ವಿಡಿಯೊದ ಗುರುತು ಸಿಕ್ಕರೆ ಯಂತ್ರ ಅದರ ಪ್ರತಿಗಳನ್ನು ಹುಡುಕಬಲ್ಲದು. ಅಕ್ಕೋರ ಗುಂಪಿಗೆ ಬಂದದ್ದರಲ್ಲಿ ಬೆಂಕಿ ಹಚ್ಚುವುದು ವಿಡಿಯೊಕ್ಕಿಂತ ಹೆಚ್ಚಾಗಿ ಆ ಒಂದು ಕನ್ನಡ ಸಾಲು. ಅದೇ ದೃಶ್ಯ ಸುದ್ದಿಯಲ್ಲಿ ಬಂದರೆ ಸಾಕ್ಷಿ. ಈ ವ್ಯತ್ಯಾಸ ಗುರುತಿಸಲು ಕನ್ನಡ ಬಲ್ಲವರು ಕೂತು ಓದಬೇಕು. ಅಂಥವರನ್ನು ಇಟ್ಟುಕೊಳ್ಳಿ ಎಂದು ಸರ್ಕಾರ ಕಂಪನಿಗಳನ್ನು ಕಟ್ಟುಪಡಿಸಲಿ. ನನಗೆ ಬೇಕಾದ ಬಿಗಿ ಅದು.

ಮರುಉತ್ತರ: ಕುಮಟಾದ ಶಿಕ್ಷಕಿ

ವರದಿಗಾರರೇ, ನಿಮ್ಮ ವಿಡಿಯೊದ ಸಂಗತಿ ನನಗೆ ಹೊಳೆದಿರಲಿಲ್ಲ. ತೆಗೆಯುವುದು ಬೇಗ ಆಗಲಿ, ಕಾರಣವನ್ನು ಬರವಣಿಗೆಯಲ್ಲಿ ಕೊಡಲಿ ಎಂದು ಈಗ ಅನಿಸುತ್ತಿದೆ.

ಆ ಇಬ್ಬರು ಹುಡುಗರನ್ನು ನಿನ್ನೆ ಮನೆಗೆ ಕರೆದು ಫಲಕದ ಚಿತ್ರವನ್ನಷ್ಟೇ ತೋರಿಸಿ ಓದಲು ಹೇಳಿದೆ. ಓದಲಾಗಲಿಲ್ಲ, ಮುಖ ಮುಖ ನೋಡಿಕೊಂಡರು. ಕಳಿಸಿದ ಕಡೆಗಳಿಗೆಲ್ಲ 'ಇದು ನಮ್ಮ ಊರಿನದಲ್ಲ' ಎಂದು ಅಲ್ಲೇ ಕೂತು ಬರೆದರು. ವಕೀಲರೇ, ಮೇಲ್ಮನವಿಯನ್ನು ಕನ್ನಡದಲ್ಲಿ ಬರೆದರೆ ನಡೆಯುತ್ತದೆಯೇ?